ಐದು ಲೋಟ ಬ್ಲೀಚು, ಒಂದು ಹಳೇ ಜೀನ್ಸು

ತನ್ನ ಬಗ್ಗೆ ತಾನೇ ಹೆಮ್ಮೆಪಡುವುದು ಒಳ್ಳೆಯ ಅಭ್ಯಾಸವಲ್ಲ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಬೇರೆಯವರು ಆ ಕೆಲಸವನ್ನು ವಹಿಸಿಕೊಳ್ಳದಿದ್ದಾಗ ನಾವೇ ಮಾಡಿಕೊಳ್ಳದೆ ವಿಧಿಯಿಲ್ಲ. ನಾನು ಬಸವೇಶ್ವರನಗರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ಇಪ್ಪತ್ತೆರಡು ವರ್ಷಗಳಲ್ಲಿ ನನ್ನ ಒಂದೇ ಒಂದು ಪ್ರಯೋಗವೂ ಕೈಕೊಟ್ಟಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಆಗಾಗ ಹೇಳಿಕೊಳ್ಳುತ್ತಿದ್ದೆ. ಗುಟ್ಟು ಇಷ್ಟೇ. ವೀಕ್ಷಣೆ, ತೀರ್ಮಾನ ಎರಡನ್ನೂ ಮೊದಲೇ ಬೋರ್ಡಿನ ಮೇಲೆ ಬರೆದು, ಮಕ್ಕಳ ರೆಕಾರ್ಡ್ ಪುಸ್ತಕಕ್ಕೆ ಇಳಿಸಿ, ಆಮೇಲೆ ಸಮಯ ಉಳಿದರೆ ಪ್ರಯೋಗ ಮಾಡಿಸುತ್ತಿದ್ದೆ. ನಮ್ಮ ಮೇಷ್ಟ್ರೂ ಹೀಗೇ ಮಾಡಿಸಿದ್ದರು. ಹೊತ್ತಿಕೊಳ್ಳದೇ ಹೋದ ಮೆಗ್ನೀಸಿಯಂ ತಂತಿ ಕಣ್ಣು ಕೋರೈಸುವಂತೆ ಉರಿಯಿತೆಂದು ದುಂಡಗೆ ಬರೆದು ಹತ್ತಕ್ಕೆ ಹತ್ತು ತೆಗೆದವನು ನಾನು.

ಶಾಲೆಯ ವಿಜ್ಞಾನ ಪ್ರದರ್ಶನ ಹತ್ತಿರ ಬಂದಿತ್ತು. ಈ ಸಲ ಹೊಸತೇನಾದರೂ ಮಾಡಿ ಹೆಡ್ ಮಿಸ್ ಬಾಯಿಂದ ಒಂದು ಶಹಬ್ಬಾಸ್ ಗಿಟ್ಟಿಸಲೇಬೇಕೆಂಬ ಆಸೆ. ನನ್ನ ಹೊಟ್ಟೆಯ ಮೇಲೆ ಗುಂಡಿ ಕೂರುವುದನ್ನು ನಿಲ್ಲಿಸಿದ್ದ ಹಳೇ ಜೀನ್ಸನ್ನು ಕತ್ತರಿಸಿ, ಒಂಬತ್ತನೇ ಕ್ಲಾಸಿನವರ ಮುಂದೆ ಐದು ಲೋಟ ಜೋಡಿಸಿದೆ. ಮೊದಲನೆಯದರಲ್ಲಿ ಬರೀ ನೀರು, ಆಮೇಲಿನವುಗಳಲ್ಲಿ ಹೆಚ್ಚು ಹೆಚ್ಚು ಬ್ಲೀಚು, ಐದನೆಯದರಲ್ಲಿ ನೀರೇ ಇಲ್ಲ. ಒಂದೊಂದರಲ್ಲೂ ಒಂದೊಂದು ತುಂಡು ಮುಳುಗಿಸಿದೆ. ಬ್ಲೀಚು ಹೆಚ್ಚಾದಷ್ಟೂ ಬಟ್ಟೆ ಬೆಳ್ಳಗಾಗುತ್ತದೆ ಎಂಬ ತೀರ್ಮಾನ ಬೋರ್ಡಿನ ಮೇಲೆ ಆಗಲೇ ಸಿದ್ಧವಾಗಿತ್ತು.

ಅರ್ಧ ಗಂಟೆ ಕಳೆಯಿತು. ಐದೂ ತುಂಡು ಅಂಗಡಿಯಿಂದ ಈಗಷ್ಟೇ ತಂದಂತೆ ನೀಲಿಯಾಗಿಯೇ ಇದ್ದವು. ಆದರೂ ನಲವತ್ತು ಮಕ್ಕಳಲ್ಲಿ ಮೂವತ್ತೊಂಬತ್ತು ಮಂದಿ ‘ಬಟ್ಟೆಯು ಬೆಳ್ಳಗಾಯಿತು’ ಎಂದೇ ಬರೆದರು. ಒಳ್ಳೆಯ ಮಕ್ಕಳು. ಭೂಮಿಕಾ ಎಂಬ ಹುಡುಗಿ ಮಾತ್ರ ‘ಏನೂ ಆಗಲಿಲ್ಲ’ ಎಂದು ಬರೆದಿದ್ದಳು.

“ಬೋರ್ಡ್ ನೋಡಮ್ಮ,” ಅಂದೆ.

“ಬೋರ್ಡ್ ನೋಡ್ದೆ ಸಾರ್. ಲೋಟಾನೂ ನೋಡ್ದೆ.”

“ಅದು ಆಮೇಲೆ ಬೆಳ್ಳಗಾಗುತ್ತೆ. ನೀನು ಬರ್ಕೋ.”

“ಆದ್ಮೇಲೆ ಬರ್ಕೊಳ್ತೀನಿ ಸಾರ್. ಈ ಬಾಟಲಿ ವಾಸನೆನೇ ಬರ್ತಿಲ್ಲ. ಹಳೇ ಬ್ಲೀಚಿಗೆ ಪವರ್ ಇರಲ್ಲ ಅಂತ ನಮ್ಮಮ್ಮ ಹೇಳ್ತಾರೆ.”

ಅವಳಮ್ಮ ಲಗ್ಗೆರೆಯಿಂದ ದಿನಾ ಪೀಣ್ಯಕ್ಕೆ ಹೋಗಿ, ಜೀನ್ಸ್ ಪ್ಯಾಂಟುಗಳನ್ನು ಒಗೆದು ಬಣ್ಣ ಇಳಿಸುವ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರಂತೆ. ನಾನು ಬಾಟಲಿಯ ಚೀಟಿ ನೋಡಿದೆ. ಎರಡು ವರ್ಷದಿಂದ ಕಿಟಕಿಯ ಬಿಸಿಲಿನಲ್ಲಿ ಕೂತು ಅದು ಹೆಚ್ಚುಕಡಿಮೆ ನೀರಾಗಿತ್ತು. ನನಗೆ ಮೊದಲು ಬಂದದ್ದು ಸಿಟ್ಟು, ಸುಳ್ಳೇಕೆ ಹೇಳಲಿ. ಆ ಒಂದು ಸಾಲನ್ನು ಹೊಡೆದು ಹಾಕಿಸಿದ್ದರೆ ನನ್ನ ಇಪ್ಪತ್ತೆರಡು ವರ್ಷದ ದಾಖಲೆ ಉಳಿಯುತ್ತಿತ್ತು. ಕೆಂಪು ಪೆನ್ನು ಕೈಗೆತ್ತಿಕೊಂಡೂ ಇದ್ದೆ. ಆದರೆ ಆ ಹುಡುಗಿ ಪುಸ್ತಕವನ್ನು ಎದೆಗವಚಿಕೊಂಡು ನಿಂತಿದ್ದ ರೀತಿ ನೋಡಿ, ಯಾಕೋ ನನ್ನ ಉರಿಯದ ತಂತಿ ನೆನಪಾಗಿ ನಾಚಿಕೆಯಾಯಿತು. ಅವಳಿಗೆ ಹತ್ತಕ್ಕೆ ಹತ್ತು ಹಾಕಿ, ಉಳಿದ ಮೂವತ್ತೊಂಬತ್ತು ಮಂದಿಗೆ ಮತ್ತೆ ಬರೆಯಿರಿ ಅಂದೆ. ಅವರು ನನ್ನನ್ನು ನೋಡಿದ ನೋಟ ಇಲ್ಲಿ ಬೇಡ.

ಮರುದಿನ ಹೊಸ ಬಾಟಲಿ ತಂದು, ಗ್ಲೌಸ್ ತೊಟ್ಟು, ಕಿಟಕಿಗಳನ್ನೆಲ್ಲ ತೆಗೆದು ಇನ್ನೊಮ್ಮೆ ಮಾಡಿದೆವು. ಈ ಸಲ ಬಣ್ಣ ಮೆಟ್ಟಿಲಿಳಿದ ಹಾಗೆ ಇಳಿಯಿತು. ಐದನೆಯ ಲೋಟದ ತುಂಡನ್ನಂತೂ ನಾನು ಇಡೀ ದಿನ ನೆನೆಯಲು ಬಿಟ್ಟಿದ್ದೆ. ಎಷ್ಟಾದರೂ ಪ್ರದರ್ಶನದ ವಸ್ತು.

ಶನಿವಾರ ಭೂಮಿಕಾಳ ಅಮ್ಮ ಪ್ರದರ್ಶನಕ್ಕೆ ಬಂದರು. ಹೆಡ್ ಮಿಸ್ ಪಕ್ಕದಲ್ಲೇ ಇದ್ದರು. ನಾನು ಐದನೆಯ ತುಂಡನ್ನು ತೋರಿಸಿ, “ಹೇಗಿದೆ ನಮ್ಮ ಬಿಳುಪು?” ಎಂದು ಕೇಳಿದೆ. ಆಕೆ ಅದನ್ನು ಎರಡೂ ಕೈಯ ಬೆರಳುಗಳಲ್ಲಿ ಹಿಡಿದು ಮೆಲ್ಲಗೆ ಎಳೆದರು. ಹಪ್ಪಳದಂತೆ ಎರಡಾಯಿತು.

“ಇದು ಬೆಳ್ಳಗಾಗಿಲ್ಲ ಸಾರ್, ಸತ್ತೋಗಿದೆ,” ಅಂದರು ಬಹಳ ವಿನಯದಿಂದ. “ನೀವು ಬಣ್ಣ ನೋಡಿದ್ರಿ, ನೂಲು ನೋಡ್ಲಿಲ್ಲ. ನಮ್ಮಲ್ಲಿ ಹಿಂಗ್ ಮಾಡಿದ್ರೆ ಸೂಪರ್‌ವೈಸರ್ ಸುಮ್ನೆ ಬಿಡಲ್ಲ.”

ಹೆಡ್ ಮಿಸ್ ಬಾಯಿಂದ ಬರಬೇಕಾಗಿದ್ದ ಶಹಬ್ಬಾಸ್ ಅಲ್ಲೇ ನಿಂತಿತು. ಭೂಮಿಕಾ ರೆಕಾರ್ಡ್ ಬಿಚ್ಚಿ, “ಸಾರ್, ಇದನ್ನೂ ಬರೀಲಾ?” ಅಂದಳು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. “ಬರಿಯಮ್ಮ,” ಅಂದೆ. ಅವಳು ಬರೆಯುವಾಗ ನನಗೆ ಎಂಥ ಹೆಮ್ಮೆ ಉಕ್ಕಿತೆಂದರೆ, ಸ್ವಂತ ಮಗಳ ಮದುವೆಯಲ್ಲೂ ಅಷ್ಟು ಉಕ್ಕಿರಲಿಲ್ಲ. ಮೇಷ್ಟ್ರ ಮುಖ ನೋಡದೆ ಬಟ್ಟೆಯನ್ನು ನೋಡಿ ಬರೆಯುವ ಒಬ್ಬಳಾದರೂ ನನ್ನ ಕ್ಲಾಸಿನಲ್ಲಿ ಇದ್ದಳಲ್ಲ!

ಆ ಸಂಭ್ರಮದಲ್ಲೇ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಹೆಂಡತಿಗೆ ಹೇಳಿದೆ: “ನಮ್ಮ ಕ್ಲಾಸಿನ ಹುಡುಗಿ, ಅವಳಮ್ಮ ಸೇರಿ ಒಂದೇ ವಾರದಲ್ಲಿ ಎರಡು ಸಲ ನನ್ನ ತಪ್ಪು ತೋರಿಸಿದ್ರು ಕಣೇ! ಎಷ್ಟು ಹೆಮ್ಮೆ ಆಯ್ತು ಗೊತ್ತಾ?”

ಅವಳು ಒಗ್ಗರಣೆ ಸೌಟನ್ನು ಕೆಳಗಿಟ್ಟು ನನ್ನನ್ನೇ ನೋಡಿದಳು. “ಮದುವೆಯಾದಾಗಿಂದ ನಾನು ದಿನಾ ತೋರಿಸ್ತಾನೇ ಇದೀನಲ್ರೀ. ಒಂದಿನಾನಾದ್ರೂ ಹಿಂಗೆ ಎದೆ ಉಬ್ಬಿಸ್ಕೊಂಡು ಬಂದಿದ್ರಾ?”