ಮ್ಯೂಲ್ಸ್ ತಂಡದ ಮೊಣಕಾಲು

ಎಡಗಾಲಿಗೆ ಕಾಲುಚೀಲ ಹಾಕಿಕೊಳ್ಳಲು ಬಗ್ಗಿದ್ದೇ ರಾಸ್ಕೋ ಟಿಲ್ಮನ್‌ಗೆ ಮುಳುವಾಯಿತು. ಬಲಗಾಲಿನದು ಹೇಗೋ ಏರಿತ್ತು. ಎಡಗಾಲನ್ನು ಮಡಿಸಿ ಮಂಚದ ಅಂಚಿಗೆ ಎಳೆದುಕೊಂಡನೋ ಇಲ್ಲವೋ, ಮೊಣಕಾಲಿನೊಳಗೆ ಯಾರೋ ಚಿಲಕ ಹಾಕಿದ ಹಾಗೆ ‘ಕಟಕ್’ ಎಂದಿತು. ಆಮೇಲೆ ಮಡಿಸಿದ ಕಾಲು ಮಡಿಸಿದಂತೆಯೇ ಉಳಿಯಿತು. ಎಳೆದು ನೋಡಿದ, ತಟ್ಟಿ ನೋಡಿದ, ಕೊನೆಗೆ ಬೈದೂ ನೋಡಿದ. ಕಾಲು ಕೇಳಲಿಲ್ಲ.

ಬೇರೆ ಯಾವ ದಿನವಾಗಿದ್ದರೂ ಅವನು ಮತ್ತೆ ಮಲಗಿಬಿಡುತ್ತಿದ್ದ. ಆದರೆ ಇವತ್ತು ಶನಿವಾರ, ಗಂಟೆ ಆಗಲೇ ಹನ್ನೆರಡೂವರೆ. ಮಧ್ಯಾಹ್ನ ಮೂರಕ್ಕೆ ಕೋಚ್ ಬ್ಯಾಂಕ್‌ಸ್ಟನ್ ಊಟಕ್ಕೆ ಬರುವವರಿದ್ದರು. “ಮುಂದಿನ ವರ್ಷದ ವಿಚಾರ ಸ್ವಲ್ಪ ಮಾತಾಡಬೇಕು ಕಣೋ” ಎಂದು ಫೋನಿನಲ್ಲಿ ಹೇಳಿದ್ದರು. ಒಬ್ಬ ಆಟಗಾರನ ಮನೆಗೆ ಕೋಚ್ ತಾವಾಗಿಯೇ ಬಂದು ಮಾತಾಡುತ್ತಾರೆಂದರೆ ಅದು ಆಟ ಬಿಡಿಸುವ ಮಾತು ಎಂಬುದು ಜಾರ್ಜಿಯಾದಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತು.

ಹಾರ್ಲನ್ ಕ್ರೀಕ್ ಊರಿನ ಫುಟ್‌ಬಾಲ್ ತಂಡದ ಹೆಸರು ಮ್ಯೂಲ್ಸ್. ಆಟ ಅಮೆರಿಕದ್ದು, ಚೆಂಡನ್ನು ಕೈಯಲ್ಲಿ ಹಿಡಿದು ಆಡುವಂಥದ್ದು. ಹೇಸರಗತ್ತೆಗಳು ಎಂದರ್ಥ, ಊರಿನವರು ಅದನ್ನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಾರೆ. ಒಂಬತ್ತು ವರ್ಷದಿಂದ ರಾಸ್ಕೋ ಆ ತಂಡದ ಕ್ವಾರ್ಟರ್‌ಬ್ಯಾಕ್. ಪ್ರತಿ ಸಲವೂ ಚೆಂಡು ಮೊದಲು ಬರುವುದು ಅವನ ಕೈಗೆ. ಈ ಕ್ವಾರ್ಟರ್‌ಬ್ಯಾಕ್‌ಗಳಲ್ಲಿ ಎರಡು ಜಾತಿ. ಒಬ್ಬ ನಿಂತಲ್ಲೇ ನಿಂತು ಚೆಂಡನ್ನು ದೂರದ ಜೊತೆಗಾರನಿಗೆ ಎಸೆಯುತ್ತಾನೆ. ಅವನದು ಉಪ್ಪಿನಕಾಯಿಯ ಬಾಳು, ವರ್ಷ ಕಳೆದಷ್ಟೂ ಬೆಲೆ. ಇನ್ನೊಬ್ಬ ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ತಾನೇ ಓಡುತ್ತಾನೆ, ಬೀರುವಿನಂಥ ಆಳುಗಳು ಬಂದು ಅವನ ಮೇಲೆ ಬೀಳುತ್ತಾರೆ. ಅವನದು ಮಜ್ಜಿಗೆಯ ಬಾಳು. ಮೂವತ್ತು ದಾಟಿದರೆ ಜನ ಮೂಸಿ ನೋಡಲು ಶುರುಮಾಡುತ್ತಾರೆ. ರಾಸ್ಕೋ ಎರಡನೆಯ ಜಾತಿಯವನು. ವಯಸ್ಸು ಮೂವತ್ತೊಂದು. ಭುಜ ಎರಡು ಸಲ ಜಾರಿತ್ತು, ಪಕ್ಕೆಲುಬುಗಳು ಸರದಿಯ ಮೇಲೆ ಮುರಿದಿದ್ದವು. ಎಡ ಮೊಣಕಾಲಂತೂ ಮಳೆ ಬರುವುದನ್ನು ರೇಡಿಯೋಗಿಂತ ಮೊದಲೇ ಹೇಳುತ್ತಿತ್ತು.

ಹೆಂಡತಿ ವರ್ನೀಸ್ ಬೆಳಿಗ್ಗೆಯೇ ಅಂಚೆ ಕಚೇರಿಯ ಕೆಲಸಕ್ಕೆ ಹೋಗಿದ್ದಳು. ಅವಳು ಬರುವುದರೊಳಗೆ ಕಾಲು ನೆಟ್ಟಗಾಗಬೇಕು, ಕೋಚ್ ಮುಂದೆ ಜಿಂಕೆಯಂತೆ ನಡೆಯಬೇಕು. ರಾಸ್ಕೋ ಗೋಡೆ ಹಿಡಿದು ಎದ್ದು ಒಂಟಿಕಾಲಲ್ಲಿ ಕುಪ್ಪಳಿಸುತ್ತ ಕಿಟಕಿಯ ಹತ್ತಿರ ಬಂದ. ಅದೇ ಅವನು ಮಾಡಿದ ಎರಡನೆಯ ತಪ್ಪು.

“ಏನ್ ಮಗಾ, ಕೊಕ್ಕರೆ ಥರ ಒಂದೇ ಕಾಲಲ್ಲಿ ನಿಂತಿದ್ದೀಯ?” ಎಂದು ಪಕ್ಕದ ಮನೆಯ ಅಡಿಗೆಮನೆ ಕಿಟಕಿಯಿಂದ ಧ್ವನಿ ಬಂತು.

ಮದುವೆಯಾದವರಾದರೂ ಊರೆಲ್ಲ ಗೌರವದಿಂದ ‘ಮಿಸ್’ ಎನ್ನುವ ಓಪಲ್‌ಗೆ ವಯಸ್ಸು ಎಪ್ಪತ್ತು ದಾಟಿತ್ತು. ಕಣ್ಣು ಮಾತ್ರ ಹದಿನೆಂಟರದು. ಊರಿನಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಒಲೆ ಆರಿಸಲು ಮೊದಲು ಬರುವವರು ಅವರೇ.

“ಏನಿಲ್ಲ ಮಿಸ್ ಓಪಲ್, ಸುಮ್ನೆ ವ್ಯಾಯಾಮ.”

“ವ್ಯಾಯಾಮ ಮಾಡೋರ ಮುಖ ಹೀಗಿರುತ್ತಾ? ನನ್ನ ಗಂಡನಿಗೆ ಹಲ್ಲು ಕೀಳಿಸಿದಾಗ ಹೀಗೇ ಇತ್ತು. ತಡಿ, ಬಂದೆ.”

ಎರಡು ನಿಮಿಷದಲ್ಲಿ ಆಕೆ ಕಂದು ಬಣ್ಣದ ಸೀಸೆಯೊಂದನ್ನು ಎದೆಗವಚಿಕೊಂಡು ಮಲಗುವ ಕೋಣೆಯೊಳಗೇ ಬಂದು ನಿಂತರು. ರಾಸ್ಕೋ ಅನಿವಾರ್ಯವಾಗಿ ಎಲ್ಲವನ್ನೂ ಹೇಳಿದ.

“ಕೋಚ್‌ಗೆ ಗೊತ್ತಾದ್ರೆ ಮುಗೀತು ಮಿಸ್ ಓಪಲ್. ಓಡೋದು ಬಿಟ್ರೆ ನನಗೇನು ಬರುತ್ತೆ ಹೇಳಿ? ಈ ಊರಲ್ಲಿ ನನ್ನನ್ನ ಕರೆದು ಮಾತಾಡಿಸೋದೇ ನಾನು ಓಡ್ತೀನಿ ಅಂತ. ಯಾರಿಗೂ ಹೇಳ್ಬೇಡಿ, ದಮ್ಮಯ್ಯ.”

“ನಾನ್ಯಾಕೆ ಹೇಳ್ಲಿ? ಬರೋ ಮುಂಚೆ ಯೂಲಿಸ್‌ಗೆ ಒಂದು ಫೋನ್ ಮಾಡಿದೆ ಅಷ್ಟೇ.”

ರಾಸ್ಕೋ ಕಣ್ಣು ಮುಚ್ಚಿಕೊಂಡ. ಕ್ಷೌರದಂಗಡಿ ಯೂಲಿಸ್‌ಗೆ ಒಂದು ಮಾತು ಹೇಳುವುದೂ ಚರ್ಚಿನ ಗಂಟೆ ಬಾರಿಸುವುದೂ ಒಂದೇ.

“ಇದು ನನ್ನ ಗಂಡ ಹೋಮರ್ ತನ್ನ ಹೇಸರಗತ್ತೆಗೆ ಅಂತ ಮಾಡ್ತಿದ್ದ ಎಣ್ಣೆ,” ಮಿಸ್ ಓಪಲ್ ಬಿರಡೆ ತೆಗೆದರು. ಮೂಗಿನ ಕೂದಲು ಸುಟ್ಟುಹೋಗುವಂಥ ವಾಸನೆ ಹರಡಿತು. “ಟರ್ಪೆಂಟೈನು, ಕರ್ಪೂರ, ಒಂದು ಹಿಡಿ ಮೆಣಸಿನಕಾಯಿ. ಇದನ್ನ ಹಚ್ಚಿದರೆ ಸತ್ತ ಕತ್ತೆನೂ ಎದ್ದು ಗಾಡಿ ಎಳೀಬೇಕು.”

“ನಾನು ಕತ್ತೆ ಅಲ್ಲ ಮಿಸ್ ಓಪಲ್.”

“ಒಂಬತ್ತು ವರ್ಷದಿಂದ ಮ್ಯೂಲ್ಸ್‌ಗೆ ಆಡ್ತಿದ್ದೀಯ. ಇನ್ನೇನು ವ್ಯತ್ಯಾಸ?”

ಮೊಣಕಾಲಿನಿಂದ ತೊಡೆಯವರೆಗೆ ಆಕೆ ಅರ್ಧ ಸೀಸೆ ತಿಕ್ಕಿದರು. ಮೊದಲು ಬೆಚ್ಚಗಾಯಿತು. ಆಮೇಲೆ ಬಿಸಿಯಾಯಿತು. ರಾಸ್ಕೋ ಹಲ್ಲು ಕಚ್ಚಿ ಜಾನಪದದಲ್ಲಿ ಇಲ್ಲದ ಒಂದು ರಾಗ ಎತ್ತುವಷ್ಟರಲ್ಲಿ ಬಾಗಿಲು ದಡಾರನೆ ತೆರೆಯಿತು. ಹೆಗಲ ಮೇಲೊಂದು, ಕಂಕುಳಲ್ಲೊಂದು ಮಂಜುಗಡ್ಡೆಯ ಚೀಲ ಹೊತ್ತು ಯೂಲಿಸ್ ಒಳಗೆ ಬಂದ.

“ಏನಮ್ಮ ಇದು, ಉರಿಯೋ ಮನೆಗೆ ಸೀಮೆಎಣ್ಣೆ ಹಾಕ್ತಿದ್ದೀರಾ? ಬಾತುಕೊಂಡ ಮೊಣಕಾಲಿಗೆ ಯಾರಾದ್ರೂ ಬಿಸಿ ಹಚ್ತಾರಾ? ದೊಡ್ಡ ದೊಡ್ಡ ತಂಡದೋರೆಲ್ಲ ಮಂಜುಗಡ್ಡೇಲಿ ಕೂರ್ತಾರೆ. ಏಳೋ ರಾಸ್ಕೋ, ತೊಟ್ಟಿಗೆ ನಡಿ.”

“ನಡಿಯೋಕಾಗಿದ್ರೆ ನಿನ್ನನ್ನ ಯಾರು ಕರೀತಿದ್ರು?” ಎಂದ ರಾಸ್ಕೋ.

“ನೀನು ಕೂದಲು ಕತ್ತರಿಸೋನು, ಮೊಣಕಾಲಿನ ವಿಷಯ ನಿನಗೇನು ಗೊತ್ತು?” ಎಂದು ಮಿಸ್ ಓಪಲ್ ಸೊಂಟಕ್ಕೆ ಕೈಯಿಟ್ಟರು.

“ಊರಿನ ಗಂಡಸರೆಲ್ಲ ನನ್ನ ಕುರ್ಚೀಲಿ ಕೂತು ಮೊಣಕಾಲಿನ ವಿಷಯಾನೇ ಮಾತಾಡೋದು. ಡಾಕ್ಟರಿಗಿಂತ ಜಾಸ್ತಿ ಕೇಳಿದ್ದೀನಿ.”

ವಾದ ಹತ್ತು ನಿಮಿಷ ನಡೆಯಿತು. ರೋಗಿಯ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ಕೊನೆಗೆ ಎಣ್ಣೆಯೂ ಇರಲಿ, ಮಂಜುಗಡ್ಡೆಯೂ ಇರಲಿ ಎಂದು ರಾಜಿಯಾಯಿತು. ಇಬ್ಬರೂ ಸೇರಿ ಅವನನ್ನು ಸೋಫಾ ಸಾಗಿಸುವ ಹಾಗೆ ಬಾಗಿಲಿಗೆ ಎರಡು ಸಲ ತಾಗಿಸಿಕೊಂಡು ಬಚ್ಚಲಿಗೆ ಒಯ್ದರು. ಚಡ್ಡಿ ಬನಿಯನ್ನಿನಲ್ಲೇ ಅವನನ್ನು ತೊಟ್ಟಿಯಲ್ಲಿ ಕೂರಿಸಿ ಸೊಂಟದವರೆಗೆ ನೀರು ಬಿಟ್ಟು ಮಂಜುಗಡ್ಡೆ ಸುರಿದರು. ಕಾಲಿಗೆ ಹಚ್ಚಿದ್ದ ಎಣ್ಣೆ ಮೆಲ್ಲಗೆ ಬಿಟ್ಟುಕೊಂಡು ನೀರಿನ ಮೇಲೆ ತೇಲಿತು, ತೇಲುತ್ತ ತೇಲುತ್ತ ಎಲ್ಲೆಲ್ಲಿಗೆ ಹೋಗಬಾರದೋ ಅಲ್ಲಿಗೆಲ್ಲ ಹೋಯಿತು. ಆದರೆ ಆ ಚಳಿಗೆ ರಾಸ್ಕೋನ ಸೊಂಟದ ಕೆಳಗಿನ ಭಾಗ ಅವನ ಸ್ವತ್ತೇ ಅಲ್ಲವೆಂಬಂತೆ ಮರಗಟ್ಟಿತ್ತು.

“ನೋವಿದೆಯಾ?” ಯೂಲಿಸ್ ಕೇಳಿದ.

“ಕಾಲೇ ಇಲ್ಲ, ನೋವೆಲ್ಲಿಂದ ಬರುತ್ತೆ?” ಎಂದ ರಾಸ್ಕೋ, ಹಲ್ಲುಗಳ ಕಟಕಟ ಸದ್ದಿನ ನಡುವೆ.

ಎಬ್ಬಿಸುವುದೇ ಕಷ್ಟವಾಯಿತು. ಮಡಿಸಿದ ಕಾಲು ತೊಟ್ಟಿಯ ಅಂಚಿಗೆ ಸಿಕ್ಕಿಕೊಂಡಿತ್ತು. ಕಂಕುಳ ಕೆಳಗೆ ಟವೆಲ್ ಹಾಕಿ ಯೂಲಿಸ್ ಒಂದು ಕಡೆ, ಮಿಸ್ ಓಪಲ್ ಇನ್ನೊಂದು ಕಡೆ ಎಳೆದರು. ಮೂರನೆಯ ಎಳೆತಕ್ಕೆ ಎಣ್ಣೆಯ ಮೇಲೆ ಯೂಲಿಸ್‌ನ ಬೂಟು ಜಾರಿ, ಅವನು ಎರಡು ಕೈ ಚಾಚಿಕೊಂಡು ತೊಟ್ಟಿಯೊಳಕ್ಕೆ ಬಿದ್ದ. ಬಿದ್ದದ್ದು ನೇರ ಆ ಮೊಣಕಾಲಿನ ಮೇಲೆ.

‘ಕಟಕ್!’

ಕಾಲು ನೆಟ್ಟಗೆ ಚಾಚಿಕೊಂಡಿತು.

“ನೋಡಿದ್ರಾ ಮಂಜುಗಡ್ಡೆ ಮಹಿಮೆ?” ಎಂದ ಯೂಲಿಸ್, ನೀರಿನಿಂದ ತಲೆಯೆತ್ತಿ.

“ಎಣ್ಣೆ ಕೆಲಸ ಮಾಡೋಕೆ ಸ್ವಲ್ಪ ಹೊತ್ತು ಬೇಕು ಅಂತ ನಾನು ಹೇಳಿರಲಿಲ್ವಾ?” ಎಂದರು ಮಿಸ್ ಓಪಲ್.

ಅದೇ ಹೊತ್ತಿಗೆ ಹೊರಗೆ ಕಾರಿನ ಬಾಗಿಲು ಮುಚ್ಚಿದ ಸದ್ದಾಯಿತು. ಕೋಚ್ ಬ್ಯಾಂಕ್‌ಸ್ಟನ್ ಒಂದು ಗಂಟೆ ಮುಂಚೆಯೇ ಬಂದಿದ್ದರು.

ರಾಸ್ಕೋ ಒದ್ದೆ ಮೈಮೇಲೇ ಪ್ಯಾಂಟು ಏರಿಸಿಕೊಂಡ. ಉಸಿರು ಬಿಗಿಹಿಡಿದು ಹೆಜ್ಜೆಯಿಟ್ಟ. ಒಂದು, ಎರಡು. ಆಶ್ಚರ್ಯ! ನೋವಿಲ್ಲ. ಮರಗಟ್ಟಿದ ಕಾಲು ಬೇರೆಯವರ ಕಾಲಿನ ಹಾಗೆ ವಿಧೇಯವಾಗಿ ನಡೆಯಿತು. ಅವನು ನಗುನಗುತ್ತ ಕೋಚ್‌ರ ಕೈ ಕುಲುಕಿ, ಹಿತ್ತಲಿನ ಜಗಲಿಗೆ ಕರೆದುಕೊಂಡು ಹೋಗಿ, ಸಿಹಿ ಚಹಾ ಕೊಟ್ಟು ಎದುರು ಕೂತ. ಅಡಿಗೆಮನೆಯ ಬಾಗಿಲ ಹಿಂದೆ ಎರಡು ತಲೆಗಳು ಒಂದರ ಮೇಲೊಂದು ಕಾಣುತ್ತಿದ್ದವು.

ಕೋಚ್ ಟೋಪಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಗಂಟಲು ಸರಿಮಾಡಿಕೊಂಡರು. “ನೋಡು ರಾಸ್ಕೋ, ನಿನ್ನನ್ನ ಮಗನ ಥರ ನೋಡಿದ್ದೀನಿ. ಈ ಆಟ ಕಾಲಿಗೆ ಕರುಣೆ ತೋರಿಸಲ್ಲ. ನಿನ್ನ ವಯಸ್ಸಿಗೆ ಓಡೋರು ಯಾರೂ ಉಳಿದಿಲ್ಲ. ಅದಕ್ಕೇ ನಾನೊಂದು ತೀರ್ಮಾನ...”

“ಕೋಚ್, ನನ್ನ ಕಾಲು ಕಲ್ಲಿದ್ದ ಹಾಗಿದೆ,” ಎಂದು ರಾಸ್ಕೋ ನಡುವೆ ಬಾಯಿ ಹಾಕಿದ. ಹಾಗೆ ಹೇಳುವಾಗಲೇ ಅವನ ಹುಬ್ಬು ಮೇಲೇರಿತು.

ಮಂಜು ಬಿಡುತ್ತಿತ್ತು. ಮೆಣಸಿನಕಾಯಿ ಏಳುತ್ತಿತ್ತು.

ಮೊದಲು ಮೊಣಕಾಲು ಚುರುಗುಟ್ಟಿತು, ಆಮೇಲೆ ತೊಡೆ. ರಾಸ್ಕೋ ಕುರ್ಚಿಯಲ್ಲಿ ಎಡಕ್ಕೆ ವಾಲಿದ, ಬಲಕ್ಕೆ ವಾಲಿದ. ಉರಿ ಇನ್ನೂ ಮೇಲಕ್ಕೆ, ಗಂಡಸು ಯಾರ ಮುಂದೆಯೂ ಕೆರೆದುಕೊಳ್ಳಲಾಗದ ಜಾಗಕ್ಕೆ ತಲುಪಿದಾಗ ಅವನ ಕಣ್ಣುಗುಡ್ಡೆ ಹೊರಬಂತು.

“ಹುಷಾರಾಗಿದ್ದೀಯಾ?” ಎಂದರು ಕೋಚ್.

ಉತ್ತರ ಕೊಡಲು ರಾಸ್ಕೋ ಅಲ್ಲಿರಲಿಲ್ಲ. ಜಗಲಿಯ ನಾಲ್ಕು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ದಾಟಿ ಹಿತ್ತಲಿಗೆ ಬಿದ್ದು ಓಡುತ್ತಿದ್ದ. ನಿಂತರೆ ಉರಿ, ಓಡಿದರೆ ಗಾಳಿ. ಹಗ್ಗದ ಮೇಲೆ ಒಣಗುತ್ತಿದ್ದ ಹಾಸಿಗೆ ಬಟ್ಟೆಗಳ ನಡುವೆ ನುಸುಳಿದ, ಎಡಕ್ಕೆ ತೋರಿಸಿ ಬಲಕ್ಕೆ ತಿರುಗಿದ, ಮರವನ್ನು ಸುತ್ತಿದ. ಇಪ್ಪತ್ತೆರಡರ ಹರೆಯದಲ್ಲೂ ಅವನು ಹಾಗೆ ಓಡಿರಲಿಲ್ಲ. ಒಂದು ಸುತ್ತು, ಎರಡು ಸುತ್ತು. ಮೂರನೆಯ ಸುತ್ತಿನಲ್ಲಿ ಮಿಸ್ ಓಪಲ್‌ರ ತೋಟದ ನಲ್ಲಿ ನೆನಪಾಗಿ, ಎದೆಯೆತ್ತರದ ಬೇಲಿಯನ್ನು ಒಂದೇ ಜಿಗಿತಕ್ಕೆ ಹಾರಿ ಮರೆಯಾದ. ಆಚೆಯಿಂದ ನೀರು ಬಿಡುವ ಸದ್ದೂ, ಸ್ವರ್ಗ ಕಂಡವನ ನಿಟ್ಟುಸಿರೂ ಕೇಳಿಸಿದವು.

ಸ್ವಲ್ಪ ಹೊತ್ತಿನ ಮೇಲೆ ಅವನು ತೊಟ್ಟಿಕ್ಕುತ್ತ ಗೇಟಿನಿಂದ ವಾಪಸು ಬಂದ. ಕೋಚ್ ಎದ್ದು ನಿಂತಿದ್ದರು. ಕಣ್ಣಲ್ಲಿ ನೀರು.

“ಮೂವತ್ತು ವರ್ಷದಿಂದ ಈ ಆಟದಲ್ಲಿದ್ದೀನಿ,” ಎಂದರು. “ಇಂಥ ಓಟ ನೋಡಿರಲಿಲ್ಲ ಕಣೋ. ಮೈಯೆಲ್ಲ ಬೆವರು ಹೇಗೆ ಸುರೀತಿದೆ ನೋಡು! ಇಂಥವನ ಮೇಲೆ ಸಂಶಯ ಪಟ್ಟೆನಲ್ಲ. ಇನ್ನೂ ಎರಡು ವರ್ಷ ನೀನೇ ನಮ್ಮ ಕ್ವಾರ್ಟರ್‌ಬ್ಯಾಕ್.”

ಬಾಗಿಲ ಹಿಂದಿನಿಂದ ಮಿಸ್ ಓಪಲ್ “ಯೇಸುವೇ, ನಿನಗೆ ಸ್ತೋತ್ರ” ಎಂದರು. ಯೂಲಿಸ್ ಶಿಳ್ಳೆ ಹಾಕಿದ. ರಾಸ್ಕೋನ ಎದೆಯ ಮೇಲಿದ್ದ ಬಂಡೆ ಉರುಳಿಹೋಯಿತು. ಗೆದ್ದೆ ಎಂದುಕೊಂಡು ಕೋಚ್‌ರ ಕೈಯನ್ನು ಎರಡೂ ಕೈಯಲ್ಲಿ ಹಿಡಿದ.

ಅಷ್ಟರಲ್ಲಿ ಪೀಚ್ ಹಣ್ಣಿನ ಕಡುಬು ಹಿಡಿದುಕೊಂಡು ವರ್ನೀಸ್ ಒಳಗೆ ಬಂದಳು. ಎಲ್ಲರ ನಗುಮುಖ ನೋಡಿ ಅವಳ ಮುಖವೂ ಅರಳಿತು. “ಹಾಗಾದ್ರೆ ಹೇಳಿಬಿಟ್ರಾ ಕೋಚ್? ಒಪ್ಪಿದ್ನಾ?”

“ಇಲ್ಲಮ್ಮ, ಆ ಮಾತೇ ಬೇಡ,” ಕೋಚ್ ಕೈಯಾಡಿಸಿದರು. “ಹೋದ ವಾರ ನೀನು ಬಂದು, ಇವನ ಮೊಣಕಾಲು ಹೋಗಿದೆ, ಮೆಟ್ಟಿಲು ಹತ್ತೋಕೂ ಆಗಲ್ಲ ಅಂತ ಕಣ್ಣೀರು ಹಾಕಿದೆಯಲ್ಲ, ನಾನೂ ನಂಬಿಬಿಟ್ಟಿದ್ದೆ. ಹುಡುಗರಿಗೆ ಹೇಳಿಕೊಡೋ ಕೆಲಸ ಕೊಡೋಣ ಅಂತ ಮಾಲೀಕರನ್ನೂ ಒಪ್ಪಿಸಿದ್ದೆ. ಆರಾಮಾಗಿ ಗೆರೆಯಾಚೆ ಕೂತು ಬಾಯಲ್ಲಿ ಆಡಿಸೋದು, ತಲೆ ನರೆಯೋವರೆಗೂ ಮಾಡಬಹುದಿತ್ತು. ಆದರೆ ಇಂಥ ಕಾಲನ್ನ ಕುರ್ಚೀಲಿ ಕೂರಿಸಿದ್ರೆ ದೇವರು ಮೆಚ್ತಾನಾ?”

ರಾಸ್ಕೋನ ಕೈ ಕೋಚ್‌ರ ಕೈಯಲ್ಲೇ ಉಳಿಯಿತು. “ಕೋಚ್,” ಎಂದ. “ಒಂದು ನಿಮಿಷ. ನಿಜ ಹೇಳ್ಬೇಕಂದ್ರೆ ನನ್ನ ಮೊಣಕಾಲು ಪೂರ್ತಿ ಹೋಗಿದೆ. ವರ್ನೀಸ್ ಹೇಳಿದ್ದು ಸತ್ಯ. ಇವತ್ತು ಕಾಲುಚೀಲ ಹಾಕೋಕೂ ಆಗಲಿಲ್ಲ.”

ಕೋಚ್ ಗಹಗಹಿಸಿ ನಕ್ಕು ಅವನ ಬೆನ್ನು ತಟ್ಟಿದರು. “ಹೆಂಡತಿ ಮಾತು ಬಿದ್ದುಹೋಗಬಾರದು ಅಂತ ನೋಡ್ತೀಯಲ್ಲ, ದೊಡ್ಡ ಮನಸ್ಸು ಕಣೋ ನಿಂದು! ಆದ್ರೆ ನಾನು ಕಣ್ಣಾರೆ ನೋಡಿದ್ದೀನಿ. ನೀನು ಬೇಲಿ ಹಾರಿದ ಕೂಡಲೇ ಮಾಲೀಕರಿಗೆ ಫೋನ್ ಮಾಡಿ, ಆ ಕೆಲಸ ಬೇರೆಯವರಿಗೆ ಕೊಡಿ ಅಂದುಬಿಟ್ಟೆ. ಮುಂದಿನ ವರ್ಷ ಎಸೆಯೋದೇ ಬೇಡ, ಬರೀ ಓಟ. ಸೋಮವಾರ ಬೆಳಿಗ್ಗೆ ಗುಡ್ಡದ ಹತ್ತಿರ ಬಾ, ಶುರು ಮಾಡೋಣ.”

ಊಟ ಮಾಡಿ ಕೋಚ್ ಹೊರಟರು. ಮಿಸ್ ಓಪಲ್ ಮತ್ತು ಯೂಲಿಸ್, ಗೆಲುವು ಎಣ್ಣೆಯದೋ ಮಂಜುಗಡ್ಡೆಯದೋ ಎಂದು ಜಗಳವಾಡುತ್ತ ಬೀದಿಗಿಳಿದರು. ರಾಸ್ಕೋ ಜಗಲಿಯ ಮೆಟ್ಟಿಲ ಮೇಲೆ ಕೂತ. ಕೂತ ಮೇಲೆ ಏಳುವ ಯೋಚನೆಯನ್ನೇ ಕೈಬಿಟ್ಟ.

ವರ್ನೀಸ್ ಬಂದು ಅವನ ಪಕ್ಕ ಕೂತಳು.

“ಬಾಯಿ ಬಿಟ್ಟು ನನಗೊಂದು ಮಾತು ಹೇಳಿದ್ರೆ ನಿನ್ನ ಗಂಟೇನು ಹೋಗ್ತಿತ್ತು?” ಎಂದಳು.

“ಅದನ್ನೇ ನಾನೂ ಕೇಳೋಣ ಅಂತಿದ್ದೆ,” ಎಂದ ರಾಸ್ಕೋ.

ಅವಳು ಉಳಿದ ಕಡುಬಿನ ತಟ್ಟೆಯನ್ನು ಇಬ್ಬರ ನಡುವೆ ಇಟ್ಟಳು. ಒಂದೇ ಚಮಚ ಇತ್ತು. ಇನ್ನೊಂದು ತರಲು ಯಾರಾದರೂ ಎದ್ದು ಒಳಗೆ ಹೋಗಬೇಕಿತ್ತು. ರಾಸ್ಕೋ ಬಾಗಿಲಿನತ್ತ ಒಮ್ಮೆ ನೋಡಿದ, ದೂರ ಅಂದಾಜು ಮಾಡಿದ, ಆಮೇಲೆ ಕೈಯಲ್ಲೇ ತಿನ್ನಲು ಶುರುಮಾಡಿದ.