ಜಾಗ ಬದಲಿಸಿದ ಗೆಲುವಿನ ಕಂಬಕ್ಕೆ

ಮಾನ್ಯ ಗೆಲುವಿನ ಕಂಬದವರೇ,

ಲೂಯಿಸಿಯಾನದ ಈ ಸಣ್ಣ ರೇಸ್ ಮೈದಾನದ ಕುದುರೆ ಲಾಯಗಳಿಂದ, ತಮ್ಮ ಹೊಸ ಬಿಳಿ ಬಣ್ಣಕ್ಕೂ ನೆತ್ತಿಯ ಮೇಲಿನ ಹೊಳೆಯುವ ಗೋಳಕ್ಕೂ ಸವಿನಯ ವಂದನೆಗಳು.

ಇಷ್ಟು ವರ್ಷ ತಾವು ಮರದ ಬೆಂಚುಗಳ ಎದುರಿಗೆ ಸಾಸೇಜಿನ ಹೊಗೆ ಕುಡಿಯುತ್ತ ಬಿಸಿಲಲ್ಲಿ ನಿಂತಿದ್ದಿರಿ. ಈಗ ತಮ್ಮ ಯೋಗ್ಯತೆಗೆ ತಕ್ಕಂತೆ ನೂರು ಗಜ ಮುಂದಕ್ಕೆ, ಗಾಜಿನ ಗೋಡೆಯ ಹೊಸ ಭೋಜನಶಾಲೆಯ ಎದುರಿಗೆ ಬಂದಿರುವುದು ನಮಗೆಲ್ಲ ಹೆಮ್ಮೆ. ಸಿಗಡಿ ತಿನ್ನುವವರು ಇನ್ನು ಕತ್ತು ತಿರುಗಿಸಬೇಕಿಲ್ಲ. ಉಳಿದಂತೆ ಮೈದಾನ ಮೊದಲಿನಂತೆಯೇ ಮೊಟ್ಟೆಯಾಕಾರದಲ್ಲಿದೆ, ಒಳಬೇಲಿಯ ಕಡೆಗೆ ನೀರು ಇಳಿದು ಮಣ್ಣು ಕಲಸಿದ ಹಿಟ್ಟಿನಂತೆ ಗೊರಸು ಹಿಡಿಯುತ್ತದೆ, ತಮ್ಮನ್ನು ದಾಟಿದ ಕುದುರೆಯನ್ನು ಮುಂದಿನ ತಿರುವಿನೊಳಗೆ ನಿಲ್ಲಿಸಲು ದೇವರೇ ಇಳಿದು ಲಗಾಮು ಹಿಡಿಯಬೇಕು. ಆದರೆ ಇವು ಊಟದ ಮೇಜಿನಿಂದ ಕಾಣುವ ಸಂಗತಿಗಳಲ್ಲವಾದ್ದರಿಂದ ಗೊಣಗುವುದು ತರವಲ್ಲ.

ನನ್ನ ದೂರು ಚಿಕ್ಕದು. ನಾನು ತರಬೇತಿ ಕೊಡುವ ಕ್ಲೋಟಿಲ್ಡ್ ಎಂಬ ಹೆಣ್ಣುಕುದುರೆಗೆ ತಮ್ಮ ಬಡ್ತಿಯ ಸುದ್ದಿ ಮುಟ್ಟಿಲ್ಲ. ಕೊನೆಯ ನೇರ ದಾರಿಯಲ್ಲಿ ಎಲ್ಲರನ್ನೂ ಹಿಂದೆ ಹಾಕಿ, ಹಳೆಯ ಜಾಗ ಬಂದೊಡನೆ ಕೆಲಸ ಮುಗಿಯಿತೆಂದು ಕಿವಿ ನಿಮಿರಿಸಿ ನಿಧಾನವಾಗುತ್ತಾಳೆ. ಸವಾರ ಅಲ್ಸೀಡ್ ಗಿಡ್ರಿಗೆ ಸುದ್ದಿ ಗೊತ್ತು, ಅವನ ಮೊಣಕಾಲಿಗೆ ಗೊತ್ತಿಲ್ಲ. ಅವನೂ ಓಟ ಮುಗಿದಂತೆ ಅಲ್ಲೇ ಕಾಲಿಡುವ ರಿಕಾಪಿನ ಮೇಲೆ ಎದ್ದು ನಿಲ್ಲುತ್ತಾನೆ. ಅಲ್ಲಿ ನಿಲ್ಲುವುದನ್ನು ಇಬ್ಬರಿಗೂ ಕಲಿಸಿದ್ದು ನಾವೇ. ಆಗ ಅದನ್ನು ಗೆಲುವು ಎನ್ನುತ್ತಿದ್ದೆವು. ಹೋದ ವಾರ ಬೆಂಚಿನವರು, "ಏನೋ ಅಲ್ಸೀಡ್, ಇಲ್ಲೇ ಇಳ್ದು ಬೀರು ಕುಡ್ಕೊಂಡು ಹೋಗ್ತೀಯಾ?" ಎಂದು ಛೇಡಿಸಿದರು. ಅವನು, "ನಂಗ್ಯಾಕೆ ಹೇಳ್ತೀಯ ಮಾರಾಯ, ಇವಳಿಗೆ ಹೇಳು" ಎಂದ. ಕುದುರೆಯ ಒಡತಿ ವೆರೆಟ್ ಅಮ್ಮನವರು ಮಾತ್ರ ನಗದೆ ನನ್ನ ಕಡೆ ತಿರುಗಿದರು. "ಓವೈಡ್, ಬರೋ ಶನಿವಾರನೂ ಸೋತ್ರೆ ಇವಳನ್ನ ಮಾರ್ಬಿಡ್ತೀನಿ" ಎಂದರು.

ಆದ್ದರಿಂದ ಶನಿವಾರ ಒಂದೇ ಒಂದು ನಿಮಿಷ, ಗಾಜಿನ ಹಿಂದಿನವರು ಸಿಗಡಿ ಸುಲಿಯುವುದರಲ್ಲಿ ಮಗ್ನರಾಗಿರುವಾಗ, ತಾವು ಮೆಲ್ಲಗೆ ನಡೆದು ಹಳೆಯ ಜಾಗಕ್ಕೆ ಬರಬೇಕೆಂದೂ, ಅದಾಗದಿದ್ದರೆ ಕ್ಲೋಟಿಲ್ಡಳನ್ನು ತಾವಾಗಿಯೇ ಊಟಕ್ಕೆ ಕರೆಯಬೇಕೆಂದೂ ಪ್ರಾರ್ಥನೆ.

ಹಳೆಯ ಜಾಗದಲ್ಲೇ ನಿಂತಿರುವ
ತಮ್ಮ ವಿಶ್ವಾಸಿ,
ಓವೈಡ್ ಲೆಜ್ಯೂನ್

ತಾ.ಕ.: ಪತ್ರ ಅಂಚೆಗೆ ಹಾಕುವ ಮೊದಲೇ ಶನಿವಾರ ಕಳೆಯಿತು. ಅಲ್ಸೀಡ್ ಈ ಸಲ ಎದ್ದು ನಿಲ್ಲಲಿಲ್ಲ. ಆದರೆ ಮುಂದಿದ್ದ ಕ್ಲೋಟಿಲ್ಡಳನ್ನು ಕಂಡು ಬೆಂಚಿನವರೆಲ್ಲ ಹಳೆಯ ಅಭ್ಯಾಸದಂತೆ ಎದ್ದು ಚಪ್ಪಾಳೆ ತಟ್ಟಿದರು, ಅವಳು ಆ ಚಪ್ಪಾಳೆಯನ್ನು ನಂಬಿ ಅಲ್ಲೇ ನಿಧಾನವಾಗಿ ಸೋತಳು. ವೆರೆಟ್ ಅಮ್ಮನವರು ಮಾರಿದಾಗ ಅವಳನ್ನು ಕೊಂಡವರು ಗಾಜಿನ ಹಿಂದೆ ಊಟಕ್ಕೆ ಕೂತಿದ್ದವರು, ಪರ ಊರಿನವರು. ಅವರ ಮೈದಾನದಲ್ಲಿ ಕಂಬ ಇನ್ನೂ ಬೆಂಚುಗಳ ಎದುರಿಗೇ ಇದೆಯಂತೆ. ದಯವಿಟ್ಟು ತಾವು ಅಲ್ಲಿಗೆ ಭೇಟಿ ಕೊಡಬೇಡಿ.