ಹನ್ನೆರಡು ಕರಿ ಹಂದಿ, ಒಂದು ಡಬ್ಬಿ ಸುಣ್ಣ

ಪಶುವೈದ್ಯ ಪದವಿ ಪಡೆದು ದಾವಣಗೆರೆಗೆ ಬಂದ ಹೊಸತು. ಹಂದಿಜ್ವರವನ್ನು ಬೇಗ ಪತ್ತೆ ಹಚ್ಚುವುದು, ಅದರ ಲಸಿಕೆಯನ್ನು ಸುಧಾರಿಸುವುದು ನನ್ನ ಸಂಶೋಧನೆ. ಹರಿಹರದ ಹೊಳೆದಂಡೆಯ ದುರುಗವ್ವ ತನ್ನ ಹನ್ನೆರಡು ಹಂದಿಗಳನ್ನು ನನ್ನನ್ನು ನಂಬಿ ಒಪ್ಪಿಸಿದ್ದಳು. ಹಿಂದಿನ ವರ್ಷ ಆ ಜ್ವರದಲ್ಲಿ ಅವಳಿಗೆ ಉಳಿದದ್ದು ಒಂದೇ ತಾಯಿಹಂದಿ. ಅದರಿಂದಲೇ ಇವಿಷ್ಟನ್ನೂ ಬೆಳೆಸಿದ್ದಳು.

ಮೊದಲು ಆರಕ್ಕೆ ಲಸಿಕೆ, ನಾಲ್ಕು ದಿನ ನೋಡಿ ಉಳಿದ ಆರಕ್ಕೆ. ಲಸಿಕೆ ಹಾಕಿದವುಗಳ ಬೆನ್ನಿಗೆ ಗೆರೆ ಎಳೆಯಲೆಂದು ನಿಟ್ಟುವಳ್ಳಿಯ ನಮ್ಮ ಮನೆಯಿಂದಲೇ ಒಂದು ಡಬ್ಬಿ ಸುಣ್ಣ ತುಂಬಿಕೊಂಡೆ.

“ಹಂದಿ ಕೆಸರಾಗೆ ಹೊಳ್ಳಾಡಲ್ಲೇನ್ರಿ?” ಎಂದಳು ಹೆಂಡತಿ ಶಾರದೆ.

“ಓದಿದವನು ನಾನೋ ನೀನೋ?”

“ನೀವೇ ಬಿಡ್ರಿ. ಅದಕ್ಕೇ ಕೇಳ್ದೆ.”

ಗೆರೆ ಎಳೆದು ಬಂದೆ. ಅಂದಿನ ಡೈರಿ: “ಗುರುತು ಶಾಶ್ವತ.”

ಐದನೆಯ ದಿನ ಕಾಂಪೌಂಡರ್ ಬಸಪ್ಪನೊಡನೆ ಮತ್ತೆ ಹೋದೆ. ಐಸಿಟ್ಟ ಫ್ಲಾಸ್ಕಿನಲ್ಲಿ ಆರೇ ಆರು ಹಂದಿಗೆ ಸಾಲುವ ಲಸಿಕೆ. ಜ್ವರ ಆಗಲೇ ಪಕ್ಕದ ಕೇರಿಗೆ ಬಂದಿತ್ತು. ಹೊಳೆಯ ಕೆಸರಿನಿಂದ ಹಂದಿಗಳು ಎದ್ದು ಬಂದವು. ಹನ್ನೆರಡೂ ಒಂದೇ ಬಣ್ಣ!

ತೊಳೆದು ನೋಡೋಣವೆಂದು ಒಂದನ್ನು ಹಿಡಿದೆ. ಅದು ನನ್ನನ್ನೇ ಕೆಸರಿಗೆ ಎಳೆದೊಯ್ದಿತು. ಈಗ ಹದಿಮೂರೂ ಒಂದೇ ಬಣ್ಣ!

ಅಂದಿನ ಡೈರಿಯಲ್ಲಿ “ಹವಾಮಾನ ಸಹಕರಿಸಲಿಲ್ಲ” ಎಂದಿದೆ. ನನ್ನ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಆದರೂ ಅಂದು ಒಳ್ಳೆಯ ಬಿಸಿಲಿತ್ತು.

ಐಸು ಕರಗುತ್ತಿತ್ತು. ತಪ್ಪಿದರೆ ಯಾವುದಕ್ಕೋ ಎರಡು ಸಲ ಲಸಿಕೆ, ಯಾವುದಕ್ಕೋ ಇಲ್ಲವೇ ಇಲ್ಲ. ಬೇರೆ ದಾರಿ ಕಾಣದೆ ದುರುಗವ್ವನ ಮುಂದೆ ತಪ್ಪೊಪ್ಪಿಕೊಂಡೆ. ಬೈಯುತ್ತಾಳೆಂದುಕೊಂಡಿದ್ದೆ. ಆಕೆ ಒಗೆದ ಬಟ್ಟೆಯೊಂದನ್ನು ನನ್ನ ಕೈಗಿತ್ತಳು.

“ಮುಖ ಒರೆಸ್ಕಳ್ರಿ ಯಪ್ಪಾ. ಇಷ್ಟಕ್ಕೇ ಕೆಸರಾಗೆ ಬಿದ್ರೇನು? ಹಂದಿ ಮಾರಿ ನೋಡಿದ್ರೆ ಯಾವ್ದಂತ ತಿಳಿಯಲ್ಲೇನ್ರಿ? ಗಿಡ್ಡೀಗೆ ಚುಚ್ಚಿಲ್ಲ, ಗೌಡ್ತಿಗೆ ಚುಚ್ಚಿಲ್ಲ…”

ಆರನ್ನೂ ಹೆಸರು ಹಿಡಿದು ಕರೆದಳು. ಅವೂ ಬಂದವು! ಜ್ವರ ದುರುಗವ್ವನ ಕೇರಿಗೂ ಬಂತು, ಹೋಯಿತು; ಅವಳ ಹನ್ನೆರಡೂ ಉಳಿದವು.

ತಿಂಗಳಾದ ಮೇಲೆ ಹಂದಿಗಳ ರಕ್ತದ ಮಾದರಿ ತರಲು ನಾನೂ ಬಸಪ್ಪನೂ ಹೋದೆವು. ದುರುಗವ್ವ ಓಡಿ ಬಂದು, ಕಣ್ಣು ತುಂಬಿಕೊಂಡು, ಬಸಪ್ಪನಿಗೆ ಕೈಮುಗಿದಳು.

“ಬರ್ರಿ ಡಾಕ್ಟ್ರೇ, ನನ್ನ ಮಕ್ಕಳ್ನ ಉಳಿಸಿಕೊಟ್ರಿ!”

“ಡಾಕ್ಟ್ರು ನಾನಮ್ಮಾ!” ಎಂದೆ.

ಆಕೆ ಅವನನ್ನೂ ನನ್ನನ್ನೂ ಮತ್ತೆ ಮತ್ತೆ ನೋಡಿದಳು.

“ಪ್ಯಾಂಟು ಹಾಕಿದೋರೆಲ್ಲ ನಂಗೆ ಒಂದೇ ಥರ ಕಾಣ್ತೀರಪ್ಪ. ಏನಾರ ಗುರುತು ಹಚ್ಕಂಡು ಬರ್ರಲ್ಲ!”

ಮನೆಯಲ್ಲಿ ಅರ್ಧ ಡಬ್ಬಿ ಸುಣ್ಣ ಇನ್ನೂ ಉಳಿದಿತ್ತು.